ಮಾವನವರ ಹೆಸರು

ಸಂಜೆಯೊಳಗೆ ಮಾನಸಿ ಸಹಿ ಮಾಡಬೇಕಿತ್ತು. ರಾಜ್ಯದ ಇಲಾಖೆಗಳೆಲ್ಲ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದ ಜನರ ದಾಖಲೆಗಳನ್ನು ಒಂದುಗೂಡಿಸುವ ಯೋಜನೆಯಲ್ಲಿ ಧಾರವಾಡ ಜಿಲ್ಲೆಯ ಹೊಣೆ ಅವಳದು. ಕೂಡಿಸುವ ಕೆಲಸ ಮುಗಿದಿತ್ತು; ಸಹಿ ಬಿದ್ದರೆ ಹಳೆಯ ದಾಖಲೆಗಳಿಗೆ ಬೀಗ. ಆಮೇಲೆ ಏನು ತಿದ್ದಬೇಕಾದರೂ ಬೆಂಗಳೂರಿನ ಸಮಿತಿಯೇ ಕೂಡಬೇಕು.

ಅಷ್ಟರಲ್ಲಿ ಕಮರಿಪೇಟೆಯ ಸಂಗವ್ವ ಹುಬ್ಬಳ್ಳಿಯಲ್ಲಿದ್ದ ಅವಳ ಕಚೇರಿಗೆ ಬಂದಳು. ಸಂಗವ್ವನ ಮಗನಿಗೆ ತಿಂಗಳಿಗೊಮ್ಮೆ ರಕ್ತ ಹಾಕಿಸಬೇಕು. ನಾಳೆ ಆ ದಿನ. ಚಿಕಿತ್ಸೆಯ ಕಾರ್ಡು ನಡೆಯುತ್ತಿರಲಿಲ್ಲ.

"ಹುಡುಗ ಸತ್ತಾನ ಅಂತ ತೋರಸ್ತೈತಂತ್ರಿ. ಅಂವಾ ನೋಡಿದ್ರ ವಾರ್ಡಿನ್ಯಾಗ ಕುಂತು ಉಪ್ಪಿಟ್ಟು ಬ್ಯಾಡಂತ ಹಟ ಮಾಡಾಕತ್ತಾನ."

"ಹೆಸರು ಹೇಳ್ರಿ."

"ಮಾವನೋರ ಹೆಸರರಿ."

"ಮಾವನೋರ ಹೆಸರೇನು?"

ಸಂಗವ್ವ ನೆಲ ನೋಡಿದಳು. "ಅದನ್ನ ಬಾಯ್ಲೆ ಅನ್ನಂಗಿಲ್ರಿ. ಮನ್ಯಾಗ ಹುಡುಗನ್ನ ಅಜ್ಜಾ ಅಂತ ಕರೀತೇವಿ."

ಅವಳು ಚಾಚಿದ ಕಾರ್ಡಿನ ಸಂಖ್ಯೆಯನ್ನು ಮಾನಸಿ ಒತ್ತಿದಳು. ಸಿದ್ದಲಿಂಗಪ್ಪ, ತಂದೆ ಬಸವಣ್ಣೆಪ್ಪ, ಮೃತ. ಹಳೆಯ ದಾಖಲೆ ತೆರೆದು ನೋಡಿದರೆ, ಶ್ರಾವಣದಲ್ಲಿ ತೀರಿಕೊಂಡ ಮಾವನೂ ಸಿದ್ದಲಿಂಗಪ್ಪನೇ, ಅವರ ತಂದೆಯೂ ಬಸವಣ್ಣೆಪ್ಪ. ಆ ಮನೆಯಲ್ಲಿ ಪ್ರತಿ ಮೊಮ್ಮಗನಿಗೂ ಅಜ್ಜನ ಹೆಸರು. ಹೆಸರು, ತಂದೆಯ ಹೆಸರು, ಮನೆ ಮೂರೂ ಒಂದಾದರೆ ಮನುಷ್ಯನೂ ಒಬ್ಬನೇ ಎಂಬುದು ಯೋಜನೆಯ ನಿಯಮ. ಹಳಬರ ದಾಖಲೆಗಳಲ್ಲಿ ಹುಟ್ಟಿದ ದಿನ ಸಿಗದೆ ಅದನ್ನು ಕೈಬಿಟ್ಟಿದ್ದರು. ಹಾಗಾಗಿ ಅಜ್ಜನ ಸಾವು ಮೊಮ್ಮಗನ ಲೆಕ್ಕಕ್ಕೆ ಬಿದ್ದಿತ್ತು. ಮಾನಸಿಯ ಅಣ್ಣ ಶ್ರೀರಂಗನಿಗೂ ಅಜ್ಜನದೇ ಹೆಸರು. ನಿಯಮ ಓದಿದಾಗ ಅವಳಿಗೂ ಇದು ಹೊಳೆದಿರಲಿಲ್ಲ.

ಬೆಂಗಳೂರಿನಿಂದ ನಿರ್ದೇಶಕರ ಫೋನ್ ಬಂತು. ಅವಳು ವಿಷಯ ಹೇಳಿದಳು.

"ಒಂದು ಕೇಸಿಗೆ ಇಡೀ ಜಿಲ್ಲೆ ನಿಲ್ಲಿಸ್ತೀರಾ? ಸಹಿ ಮಾಡಿ, ಆಮೇಲೆ ಸರಿಮಾಡೋಣ."

"ಒಂದಲ್ಲ ಸರ್. ಈ ಕಡೆ ಎಷ್ಟೋ ಮನ್ಯಾಗ ಹಿಂಗ ಹೆಸರಿಡ್ತಾರ. ಆಮೇಲೆ ಅಂದ್ರ ಸಮಿತಿ ಕೂಡೂತನಕ ಕಾಯಬೇಕು. ಹುಡುಗಗ ರಕ್ತ ನಾಳೆ ಬೇಕಾಗೇದ."

"ಮೇಲಿನವರಿಗೆ ನಾನೇನು ಹೇಳಲಿ?"

"ಧಾರವಾಡ ಸಹಿ ಮಾಡ್ಲಿಲ್ಲ ಅಂತ ಹೇಳ್ರಿ. ಕಾರಣ ಬರದು ಕಳಸ್ತೇನಿ."

"ಜವಾಬ್ದಾರಿ ನಿಮ್ಮದು," ಎಂದು ನಿರ್ದೇಶಕರು ಫೋನ್ ಇಟ್ಟರು. ಪರದೆಯ ಮೇಲಿನ ರಾಜ್ಯದ ನಕ್ಷೆಯಲ್ಲಿ ಸಹಿಯಾಗದ ಧಾರವಾಡವೊಂದೇ ಕೆಂಪಾಗಿ ಉಳಿಯಿತು.

ಬೀಗ ಬೀಳದ ದಾಖಲೆಯನ್ನು ಬೇರ್ಪಡಿಸುವ ಅಧಿಕಾರ ಜಿಲ್ಲೆಗಿತ್ತು. ಅದಕ್ಕೆ ಮನೆಯವರ ಹೇಳಿಕೆಯನ್ನು ಅವರದೇ ಧ್ವನಿಯಲ್ಲಿ ದಾಖಲಿಸಬೇಕು. ಮಾನಸಿ ಮೈಕನ್ನು ಸಂಗವ್ವನ ಕಡೆ ಸರಿಸಿದಳು.

"ಮಗನ ಹೆಸರು ನೀವ ಹೇಳಬೇಕ್ರಿ ಅಕ್ಕಾರ. ನಾ ಹೇಳಿದ್ರ ನಡ್ಯಂಗಿಲ್ಲ."

ಸಂಗವ್ವ ಸೆರಗನ್ನು ತಲೆತುಂಬ ಎಳೆದುಕೊಂಡಳು. ತಪ್ಪಾತ್ರಿ ಮಾವನೋರ ಎಂದು ತನ್ನಷ್ಟಕ್ಕೆ ಗೊಣಗಿ, ಮೈಕಿಗೆ ಬಾಗಿದಳು.

"ಸಿದ್ದಲಿಂಗಪ್ಪ," ಎಂದಳು. "ನನ್ನ ಮಗಾರಿ. ಅದಾನ."