ಅಂಚು ಮುಟ್ಟಿದ ಚಹಾ

ಟಕ್.

ಗೋಡೆಯಾಚೆ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು. ಹಿಂದೆಯೇ ಮಾತ್ರೆಗಳು ಅಂಗೈಗೆ ಉದುರಿದವು. ನೋಜಿಮಾ ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಆಲಿಸಿದಳು. ಒಂದೆರಡಲ್ಲ, ಒಂದು ಹಿಡಿಯೇ ಇರಬೇಕು. ಅತ್ತೆ ಹೋಸಿಯತ್ ನೀರು ಕುಡಿದಳು, ಆಮೇಲೆ ಬಹಳ ಹೊತ್ತು ಮೈ ಕೆರೆದುಕೊಂಡಳು. ನೋಜಿಮಾಳ ಪಕ್ಕದಲ್ಲಿ ಗಂಡ ಬಹ್ರೋಮ್ ಏನೂ ತಿಳಿಯದೆ ಗೊರಕೆ ಹೊಡೆಯುತ್ತಿದ್ದ.

ಹಿಂದಿನ ದಿನವಷ್ಟೇ ಕೋಕಂದ್ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವರದಿ ನೋಡಿ ಹುಬ್ಬು ಗಂಟಿಕ್ಕಿದ್ದರು.

"ಯಕೃತ್ತಿನಲ್ಲಿ ಕೊಬ್ಬು ತುಂಬಿದೆ ಅಂತ ಚಳಿಗಾಲದಲ್ಲೇ ಹೇಳಿದ್ದೆ. ಈಗ ಇನ್ನೂ ಕೆಟ್ಟಿದೆ. ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಇಲ್ಲಮ್ಮ, ಏನೂ ಇಲ್ಲ," ಎಂದಿದ್ದಳು ಅತ್ತೆ. ಅವಳ ಮಟ್ಟಿಗೆ ವಿಟಮಿನ್ ಎಂದರೆ ಮಾತ್ರೆಯೇ ಅಲ್ಲ, ಆಹಾರ.

ಅತ್ತೆ ಹೊರಗೆ ಹೋದ ಮೇಲೆ ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದ್ದರು. "ತುಟಿ ಒಡೆದಿದೆ, ಕೂದಲು ಉದುರ್ತಿದೆ. ವಿಟಮಿನ್ ಎ ಅಳತೆ ಮೀರಿದ್ರೆ ಹೀಗಾಗುತ್ತೆ. ಅದು ಸುಲಭವಾಗಿ ಮೈ ಬಿಟ್ಟು ಹೋಗಲ್ಲ, ಯಕೃತ್ತಿನಲ್ಲೇ ಕೂತು ಅದನ್ನೇ ಹಾಳುಮಾಡುತ್ತೆ. ನಿಜ ಹೇಳಮ್ಮ, ಏನಾದ್ರೂ ತಗೋತಿದ್ದಾರಾ?"

ಅತ್ತೆ ಇಲ್ಲ ಎಂದದ್ದನ್ನು ಸೊಸೆ ಹೌದು ಎನ್ನುವುದುಂಟೇ? ನೋಜಿಮಾ ಇಲ್ಲವೆಂದು ತಲೆಯಾಡಿಸಿ ಬಂದಿದ್ದಳು. ಆ ತಲೆಯಾಟ ಈಗ ನಿದ್ದೆ ಕೊಡದೆ ಕಾಡುತ್ತಿತ್ತು.

ಬೆಳಿಗ್ಗೆ ಕ್ಯಾರೆಟ್ ಹೆಚ್ಚುತ್ತ ಮೆಲ್ಲಗೆ ಮಾತು ತೆಗೆದಳು. "ಅಮ್ಮಾ, ಆ ಡಬ್ಬಿಗಳನ್ನ ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?"

"ಡಾಕ್ಟರು ನಂಗೆ ಕೊಟ್ಟಿದ್ದೇನೇ? ಕೊಬ್ಬು ಬಿಡು, ರೊಟ್ಟಿ ಕಮ್ಮಿ ಮಾಡು, ದಿನಾ ನಡಿ! ಇದನ್ನ ಔಷಧಿ ಅಂತಾರಾ? ಮುಕದ್ದಸ್ ಅಕ್ಕ ಕೊಟ್ಟಿದ್ದನ್ನ ಕೈಯಲ್ಲಿ ಹಿಡೀಬಹುದು, ನುಂಗಬಹುದು. ನಿನ್ನ ಮಾವನ ಒಡಹುಟ್ಟಿದವಳು ನಂಗೆ ವಿಷ ಕೊಡ್ತಾಳಾ?" ಹೋಸಿಯತ್ ಕೆಂಪಗೆ ಗೀರು ಬಿದ್ದ ತೋಳನ್ನು ಶಾಲಿನೊಳಗೆ ಎಳೆದುಕೊಂಡಳು. "ಪಲಾವಿಗೆ ಕುರಿಬಾಲದ ಕೊಬ್ಬು ಧಾರಾಳವಾಗಿ ಹಾಕು. ಎರಡು ಮಾತ್ರೆ ಜಾಸ್ತಿ ನುಂಗಿದ್ರಾಯ್ತು."

ತಿಂಗಳಿಗೊಮ್ಮೆ ಕೇರಿಯ ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸೇರಿ ಹರಟುವ ಕೂಟ ಅವತ್ತು ಇವರ ಮನೆಯಲ್ಲಿತ್ತು. ಚಹಾ ಬಗ್ಗಿಸುವುದು ಸೊಸೆಯ ಕೆಲಸ. ಮದುವೆಯಾಗಿ ಬಂದ ವಾರವೇ ಅತ್ತೆ ಕೈಹಿಡಿದು ಕಲಿಸಿದ್ದಳು: "ಯಾವಾಗಲೂ ಅರ್ಧ ಬಟ್ಟಲು. ಮತ್ತೆ ಮತ್ತೆ ಹಾಕ್ತೀವಿ, ಕೂತಿರಿ ಅಂತ ಅರ್ಥ. ಅಂಚಿನವರೆಗೆ ತುಂಬಿಸಿದ್ಯೋ, ಬಾಗಿಲು ತೋರಿಸಿದ ಹಾಗೆ!"

ಪಲಾವು ಮುಗಿಯುತ್ತಲೇ ಮುಕದ್ದಸ್ ಚೀಲ ಬಿಚ್ಚಿ ಕಿತ್ತಳೆ ಬಣ್ಣದ ಡಬ್ಬಿಗಳನ್ನು ಸಾಲಾಗಿಟ್ಟಳು. ನಿವೃತ್ತ ಮೇಷ್ಟರಮ್ಮ, ಮಾತು ಪಾಠದಂತೆ ಸ್ಪಷ್ಟ. ಅದರಲ್ಲಿ ಮೋಸವಿರಲಿಲ್ಲ, ತಾನೂ ನುಂಗುತ್ತಿದ್ದಳು, ಮಂಡಿನೋವು ಹೋಯಿತೆಂದು ಮನಸಾರೆ ನಂಬಿದ್ದಳು.

"ಅಕ್ಕಾ, ಇದು ಗಂಡನ ಬುದ್ಧಿಗೂ ಕೆಲಸ ಮಾಡುತ್ತಾ?" ಯಾರೋ ಕೆಣಕಿದರು.

"ಅದಕ್ಕಿನ್ನೂ ಯಾರೂ ಡಬ್ಬಿ ಕಂಡುಹಿಡಿದಿಲ್ಲ ಕಣೇ!"

ನಗು ಚಿಮ್ಮಿತು. ಆ ನಗುವಿನ ನಡುವೆಯೇ ಪಕ್ಕದ ಮನೆಯ ಓಯ್ದಿನ್, ಚೊಚ್ಚಲ ಬಸುರಿ, ಸಂಕೋಚದಿಂದ ಕೇಳಿದಳು: "ನಂಗೂ ಆಗುತ್ತಾ ಅಕ್ಕಾ?"

"ನಿಂಗೇ ಮೊದಲು ಬೇಕು! ಹೊತ್ತಿಗೆ ಎರಡು ನುಂಗು, ಮಗು ಗುಂಡುಗುಂಡಗೆ ಹುಟ್ಟುತ್ತೆ."

ಚಹಾಪಾತ್ರೆ ಹಿಡಿದಿದ್ದ ನೋಜಿಮಾ ಅಲ್ಲೇ ನಿಂತಳು. ಅತ್ತೆಯ ಕೋಣೆ ಗುಡಿಸುವಾಗ ಆ ಡಬ್ಬಿಯ ಸಣ್ಣ ಅಕ್ಷರಗಳನ್ನು ಅವಳು ಓದಿದ್ದಳು. ಗರ್ಭಿಣಿಯರು ಸೇವಿಸಬಾರದು ಎಂದಿತ್ತು. ಓಯ್ದಿನ್ ಆಗಲೇ ಮುಚ್ಚಳ ತಿರುಗಿಸುತ್ತಿದ್ದಳು. ಬೇಡ ಎನ್ನಬೇಕು. ಹಿರಿಯರ ಸಭೆಯಲ್ಲಿ ಸೊಸೆಯ ಬಾಯಿಂದ ಆ ಪದ ಹೊರಡಲಿಲ್ಲ.

ಅವಳು ಬಾಗಿ ಮುಕದ್ದಸ್‌ಳ ಬಟ್ಟಲಿಗೆ ಚಹಾ ಸುರಿದಳು. ಅರ್ಧವಾಯಿತು. ನಿಲ್ಲಿಸಲಿಲ್ಲ. ಚಹಾ ಅಂಚು ಮುಟ್ಟಿ, ಹಾಸಿದ ಬಟ್ಟೆಯ ಮೇಲೆ ಒಂದು ಹನಿ ಚೆಲ್ಲಿತು.

ಎಲ್ಲರ ಕಣ್ಣೂ ಆ ಬಟ್ಟಲಿನ ಮೇಲೆ ಬಿತ್ತು. ಓಯ್ದಿನ್‌ಳ ಕೈ ಮುಚ್ಚಳದ ಮೇಲೇ ನಿಂತಿತು.

"ಏನೇ ಹುಡುಗಿ, ಕೈ ಜಾರಿತಾ?" ಮುಕದ್ದಸ್ ನಗಲು ನೋಡಿದಳು. ಕಣ್ಣು ನಗಲಿಲ್ಲ.

ಹೌದು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ನೋಜಿಮಾ ತಲೆ ತಗ್ಗಿಸಿಕೊಂಡೇ ನಿಂತಳು. ತವರಿಗೆ ಕಳಿಸಿದರೆ ಕಳಿಸಲಿ.

ಹೋಸಿಯತ್ ತೋಳು ಕೆರೆಯುವುದನ್ನು ನಿಲ್ಲಿಸಿದಳು. ತುಂಬಿದ ಬಟ್ಟಲನ್ನು ನೋಡಿದಳು, ಓಯ್ದಿನ್‌ಳ ಹೊಟ್ಟೆಯನ್ನು ನೋಡಿದಳು, ಮತ್ತೆ ತನ್ನ ಗೀರುಬಿದ್ದ ತೋಳನ್ನು.

"ಕೈ ಜಾರಿಲ್ಲ," ಎಂದಳು. "ನಾನೇ ಹೇಳಿಕೊಟ್ಟಿದ್ದೆ."

"ನೀನಾ?"

"ನಾನೇ. ನಿನ್ನ ಮೇಲೆ ಸಿಟ್ಟಿಲ್ಲ ಅಕ್ಕಾ. ನನ್ನ ಯಕೃತ್ತು ಕೆಡ್ತಾ ಇದೆಯಂತೆ, ಡಾಕ್ಟರ ಮುಂದೆ ಸುಳ್ಳು ಹೇಳಿ ಬಂದೆ. ಈ ಹುಡುಗಿಗೆ ಕೊಡಬೇಡ. ಡಬ್ಬಿ ಒಳಗಿಡು, ಅರ್ಧ ಬಟ್ಟಲು ಚಹಾ ಹಾಕಿಸ್ತೀನಿ."

"ಒಳ್ಳೇದು ಮಾಡೋಕೆ ಬಂದವಳಿಗೆ ಇದಾ ಮರ್ಯಾದೆ?" ಮುಕದ್ದಸ್ ಡಬ್ಬಿಗಳನ್ನು ಚೀಲಕ್ಕೆ ತುಂಬಿದಳು. ಓಯ್ದಿನ್ ತನ್ನದನ್ನೂ ಮೆಲ್ಲಗೆ ಅವಳತ್ತ ಸರಿಸಿದಳು. ಚಹಾ ಮುಟ್ಟದೆಯೇ ಮುಕದ್ದಸ್ ಎದ್ದು ಹೋದಳು.

ಎಲ್ಲರೂ ಹೋದ ಮೇಲೆ ಹೋಸಿಯತ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. "ನಾನು ಸುಳ್ಳು ಹೇಳಿದಾಗ ಹಿಂದೇನೇ ಇದ್ಯಲ್ಲ. ಯಾಕೇ ಸುಮ್ಮನಿದ್ದೆ?"

"ನಿಮ್ಮ ಮಾತು ಮೀರೋಕೆ ಹೆದರಿಕೆಯಾಯ್ತು ಅಮ್ಮಾ."

"ಇವತ್ತು ಆಗಲಿಲ್ವಾ?"

ನೋಜಿಮಾ ತೊಳೆದ ಬಟ್ಟಲುಗಳನ್ನು ಒಂದೊಂದಾಗಿ ಬೋರಲು ಹಾಕಿದಳು.

"ರಾತ್ರಿಯೆಲ್ಲಾ ಮೈ ಉರಿಯುತ್ತೆ ಕಣೇ. ನಂಗೂ ಅನುಮಾನ ಇತ್ತು. ನಾಳೆ ಡಬ್ಬಿಗಳನ್ನೆಲ್ಲ ಗಂಟು ಕಟ್ಟು. ನಡ್ಕೊಂಡೇ ಹೋಗೋಣ. ಡಾಕ್ಟರಿಗೆ ನಾನೇ ಹೇಳ್ತೀನಿ."

ಸಂಜೆ ಬಹ್ರೋಮ್ ಬಂದವನೇ ಟೋಪಿಯನ್ನೂ ತೆಗೆಯದೆ ಅಡುಗೆಮನೆಗೆ ನುಗ್ಗಿದ. "ಸೋದರತ್ತೆ ಫೋನ್ ಮಾಡಿ ಅತ್ತಳು. ನಿಜ ಹೇಳು, ಅಮ್ಮನೇ ಹೇಳಿಕೊಟ್ಟಿದ್ದಾ? ಇಲ್ಲಾ ನೀನೇ ಮಾಡಿದ್ದಾ?"

ಗೋಡೆಯಾಚೆ ಹೋಸಿಯತ್ ಕೆಮ್ಮಿದಳು.

ನೋಜಿಮಾ ಗಂಡನಿಗೆ ಅರ್ಧ ಬಟ್ಟಲು ಚಹಾ ಬಗ್ಗಿಸಿಕೊಟ್ಟಳು. "ಅಮ್ಮನೇ ಹೇಳಿದ್ರಲ್ಲ," ಎಂದಳು. ನಿಜವೇನೆಂದು ಇವನಿಗಾಗಲಿ, ತವರಿನವರಿಗಾಗಲಿ, ಯಾರಿಗೂ ಎಂದೂ ಹೇಳುವುದಿಲ್ಲವೆಂದು ಆ ಕ್ಷಣವೇ ನಿಶ್ಚಯಿಸಿದಳು.