ಲಾರಿಯಲ್ಲಿ ಮೊದಲು ಮಲಗುವ ಗುಣಪಾಲ

ಹೆಮ್ಮಾಡಿಯ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಲಾರಿಗಳ ಏಸಿ, ಹೀಟರು ರಿಪೇರಿ ಮಾಡುವ ಗುಣಪಾಲನಷ್ಟು ಪುಕ್ಕಲ ಮನುಷ್ಯ ಕುಂದಾಪುರದ ಆಚೀಚೆ ಮತ್ತೊಬ್ಬನಿಲ್ಲ ಎಂದು ಯಾರಾದರೂ ಹೇಳಿದರೆ, ಅದನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಳ್ಳುವವನು ಅವನೇ. ಕೆಲಸ ಮುಗಿದ ಯಾವ ಲಾರಿಯನ್ನೂ ಅವನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಇಂಜಿನ್ ಚಾಲೂ ಮಾಡಿ, ಏಸಿ ಹಾಕಿ, ಎರಡೂ ಬದಿಯ ಗ್ಲಾಸು ಏರಿಸಿ, ಡ್ರೈವರುಗಳು ಮಲಗುವ ಹಿಂದಿನ ಸೀಟಿನ ಮೇಲೆ ತಾನೇ ಕಣ್ಣು ಮುಚ್ಚಿ ಮಲಗುತ್ತಾನೆ. ಹೊರಗೆ ಸ್ಟೂಲು ಹಾಕಿಕೊಂಡು ಕೂತ ಹೆಂಡತಿ ಬೇಬಿ ಆಗಾಗ ಗ್ಲಾಸು ತಟ್ಟಬೇಕು, ಒಳಗಿನಿಂದ ಅವನು ಕೈಯೆತ್ತಬೇಕು. ಕೈ ಏಳುವುದು ತುಸು ತಡವಾದರೂ ಅವಳು ಬಾಗಿಲು ಎಳೆದು ತೆರೆಯುತ್ತಾಳೆ. ದಾರಿಯಲ್ಲಿ ಹೋಗುವವರಿಗೆ ಇದೊಂದು ತಮಾಷೆ. ಬೇಬಿ ಮಾತ್ರ ಆ ಸ್ಟೂಲಿನ ಮೇಲೆ ಕೂತು ಒಮ್ಮೆಯೂ ನಕ್ಕವಳಲ್ಲ.

ಅವನ ನಡಿಗೆಯಲ್ಲೂ ಆ ಭಯವಿದೆ. ಒಂದು ಹೆಜ್ಜೆ ಇಟ್ಟು, ನೆಲ ತಡೆಯುತ್ತದೆಯೇ ಎಂದು ವಿಚಾರಿಸಿ, ಆಮೇಲೆ ಇನ್ನೊಂದು. ಏಪ್ರಿಲಿನ ಸೆಕೆಯಲ್ಲೂ ಗುಂಡಿ ಬಿಚ್ಚದ ನೀಲಿ ಕೋಟು. ಮಾತಿನ ಕೊನೆಗೊಂದು ‘ಹೌದಾ ಅಲ್ದಾ ಕಾಣ್ಕ್’, ನೋಡಿಯೇ ತೀರಬೇಕೆಂಬ ಅನುಮಾನ. ಬಿಡಿಭಾಗ ಆರಿಸುವ ಹೊತ್ತಿಗಂತೂ ಅವನ ಸಂಶಯಕ್ಕೆ ಕೊನೆಯೇ ಇಲ್ಲ. ಹಳೆಯ ಕೂಲಿಂಗ್ ಕಾಯಿಲನ್ನು ಒಂದು ತೊಡೆಯ ಮೇಲೆ, ಹೊಸದನ್ನು ಇನ್ನೊಂದರ ಮೇಲೆ ಅವಳಿ ಮಕ್ಕಳಂತೆ ಮಲಗಿಸಿಕೊಂಡು ಬೆರಳಾಡಿಸುತ್ತಾನೆ; ಪೈಪಿನ ಬಾಯಿ ಚೂರು ಓರೆಯಿದ್ದರೂ ಆ ಮಾಲು ಅಂಗಡಿಗೆ ವಾಪಸ್. ಬ್ಲೋವರ್ ಮೋಟಾರನ್ನು ಕಿವಿಗೆ ಹಿಡಿದು ಬೆರಳಿನಿಂದ ತಿರುಗಿಸುತ್ತಾನೆ. ಚಳಿಗಾಲದಲ್ಲಿ ಉತ್ತರಕ್ಕೆ ಹೋಗುವ ಲಾರಿಯ ಹೀಟರ್ ಪೈಪನ್ನು ಹಿಂಡಿ, ಬಗ್ಗಿಸಿ, ಮೂಸಿ ನೋಡುತ್ತಾನೆ. “ಹೊಂದತ್ತ್ ಅಂತ್ರ್ ಅಂಗ್ಡಿಯವ್ರ್. ಬರೀ ಹೊಂದ್ರೆ ಸಾಕಾ ಮರಾಯ್ರೆ?” ಎಂಬುದು ಅವನ ಖಾಯಂ ತಕರಾರು.

ಇಷ್ಟೆಲ್ಲ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಪ್ರಾಯದಲ್ಲಿ ಅವನೂ ಲಾರಿಯಲ್ಲಿ ಹೋಗುತ್ತಿದ್ದವನೇ. ಕೆರಾಡಿಯ ಗುರುವ ಎಂಬವನು ಡ್ರೈವರು, ಇವನು ಜೊತೆಗಾರ. ಒಂದು ಮಧ್ಯಾಹ್ನ ಗುರುವ ಗ್ಲಾಸು ಏರಿಸಿ ಏಸಿ ಹಾಕಿ ಮಲಗಿದ. ಇವನು ಚಾ ಕುಡಿದು ಬಂದು ಗ್ಲಾಸು ತಟ್ಟಿದ. ಸೈಲೆನ್ಸರಿನ ಹೊಗೆ ಕ್ಯಾಬಿನ್ನಿನ ನೆಲದ ತೂತಿನಿಂದ ಒಳಗೆ ನುಗ್ಗಿ ತುಂಬಿಕೊಂಡಿತ್ತು ಎಂಬುದು ಆಮೇಲೆ ತಿಳಿದ ಸಂಗತಿ. ತಟ್ಟಿದ ಕೈಗೆ ಉತ್ತರ ಬಾರದ ಆ ಗ್ಲಾಸು ಗುಣಪಾಲನ ಎದೆಯೊಳಗೆ ಇಂದಿಗೂ ಏರಿಸಿಯೇ ಇದೆ.

ಕಳೆದ ಬೇಸಗೆಯಲ್ಲಿ ಗಂಗೊಳ್ಳಿಯ ಮೀನು ವ್ಯಾಪಾರದ ಬಾಗಿ ತನ್ನ ಲಾರಿಯನ್ನು ತಂದು ಶೆಡ್ಡಿನೆದುರು ನಿಲ್ಲಿಸಿದಳು. ಓಡಿಸುವವನು ಅವಳ ಒಬ್ಬನೇ ಮಗ ಸುಶಾಂತ. ಲೋಡು ತುಂಬಿಕೊಂಡು ರಿಪೇರಿಗೆ ಬರಬೇಡಿ ಎಂದು ಗುಣಪಾಲ ಅಂಗಲಾಚಿ ಸೋತಿದ್ದಾನೆ. ಮೀನಿನವರಿಗೆ ದೋಣಿ ಬಂದ ಮೇಲೆ ಲಾರಿಯ ನೆನಪು, ಮೀನು ತುಂಬಿದ ಮೇಲೆ ಏಸಿಯ ನೆನಪು. ಅಂದೂ ಗೋವೆಗೆ ಹೋಗಬೇಕಾದ ಬಂಗುಡೆ ಹಿಂದೆ ಐಸಿನಲ್ಲಿತ್ತು. ಅವನು ಸೋರುತ್ತಿದ್ದ ಕಾಯಿಲ್ ತೆಗೆದು ಹೊಸದನ್ನು ಕೂರಿಸಿದ. ಅಡಿಯಲ್ಲಿ ಸೈಲೆನ್ಸರಿನ ಜಾಯಿಂಟು ಹೊಗೆ ಬಿಡುತ್ತಿತ್ತು. ತೋರಿಸಿದರೆ ಸುಶಾಂತ, “ಬಂದ್ ಮೇಲೆ ವೆಲ್ಡಿಂಗ್ ಮಾಡ್ಸುವ ಬಿಡಿ” ಎಂದ. ಗುಣಪಾಲ ಎಂದಿನಂತೆ ಮಲಗಲು ಕ್ಯಾಬಿನ್ ಹತ್ತಿದ್ದೇ ತಡ, ಬಾಗಿ ಅವನ ಕೋಟು ಹಿಡಿದೆಳೆದಳು.

“ಗುಣಪಾಲಣ್ಣ, ಐಸೆಲ್ಲ ನೀರಾಯ್ತಾ ಇತ್ತ್. ಇವತ್ತೊಂದಿನ ಮನಿಕಂಬುದ್ ಬ್ಯಾಡ. ನನ್ನ್ ಮೀನ್ ಕೊಳುದ್ ನಿಮ್ಮ್ ಕನ್ಸಂಗೆ ಕಾಂತಿಲ್ಯಾ?”

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. “ಒಂದ್ ಗಳ್ಗಿ...” ಎಂದು ಅವನು ರಾಗ ಎಳೆಯುವಷ್ಟರಲ್ಲಿ ಸುಶಾಂತ ಲಾರಿಯನ್ನು ರಸ್ತೆಗೆ ಏರಿಸಿಯಾಗಿತ್ತು.

ಬಾಗಿ ಬೇಬಿಯೊಡನೆ ಎಲೆಯಡಿಕೆ ಹಾಕುತ್ತ ಕೂತಳು. ಇಬ್ಬರ ಮಾತೂ ಮುಗಿಯುವಂತಿರಲಿಲ್ಲ. ಗುಣಪಾಲ ಬೇರೊಂದು ಲಾರಿಯ ಕೆಲಸ ಮುಗಿಸಿ, ಬಿಚ್ಚಿದ ಸಾಮಾನು ಹರವುವ ಹಳೆ ಬಲೆಯ ತುಂಡನ್ನು ಕೊಡವಲು ಎತ್ತಿದ. ಅದರಿಂದ ದಪ್ಪನೆಯ ರಬ್ಬರಿನ ಬುಷ್ಷೊಂದು ಉರುಳಿ ಬಿತ್ತು. ಬಾಗಿಯ ಲಾರಿಯಲ್ಲಿ ಏಸಿ ಪೈಪು ಇಳಿಯುವ ನೆಲದ ತೂತನ್ನು ಮುಚ್ಚಬೇಕಾದ ಬುಷ್ಷು! ಗಡಿಬಿಡಿಯಲ್ಲಿ ಕೈ ಮರೆತಿತ್ತು. ತಾನು ಒಳಗೆ ಮಲಗಿದ್ದರೆ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವನು ಅದನ್ನೆತ್ತಿಕೊಂಡು ಬಾಗಿಯ ಹತ್ತಿರ ಓಡಿದ.

“ಬಾಗೀ, ಮಗ ಊಟ ಮಾಡಿ ಎಲ್ಲಿ ಮನಿಕಂತ?”

“ಶಿರೂರಂಗೆ, ಟೋಲ್ ಗೇಟಿಂದ ಈಚೆ. ಎಂತಕೆ?”

ಅವನು ಬುಷ್ಷು ತೋರಿಸಿ ಹೇಳಿದ. ಬಾಗಿ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು, ಎತ್ತುವವರಿಲ್ಲ.

ಸ್ಕೂಟರನ್ನು ಸೈಕಲ್ಲಿನ ವೇಗದಲ್ಲಿ ಓಡಿಸುತ್ತಿದ್ದ ಗುಣಪಾಲ ಅಂದು ಹೇಗೆ ಓಡಿಸಿದನೋ ದೇವರೇ ಬಲ್ಲ. ಮರವಂತೆಯಲ್ಲಿ ಕಡಲು ಕಂಡ ನೆನಪು ಅವನಿಗಿಲ್ಲ. ಬೈಂದೂರು ದಾಟುವವರೆಗೂ ಹಿಂದೆ ಕೂತ ಬಾಗಿ ಫೋನು ಹಚ್ಚುತ್ತಲೇ ಇದ್ದಳು, ಬೈಂದೂರು ದಾಟಿದ ಮೇಲೆ ಅವಳಿಗೆ ಅದನ್ನು ಹಚ್ಚುವುದಕ್ಕೇ ಭಯವಾಯಿತು.

ಶಿರೂರಿನಲ್ಲಿ ಮರದಡಿ ಲಾರಿ ನಿಂತಿತ್ತು. ಇಂಜಿನ್ ಗುನುಗುತ್ತಿತ್ತು, ಐಸಿನ ನೀರು ತೊಟ್ಟಿಕ್ಕುತ್ತಿತ್ತು, ಎರಡೂ ಗ್ಲಾಸು ಮೇಲಿದ್ದವು. ಮೆಟ್ಟಿಲು ಹತ್ತಿದ ಗುಣಪಾಲನಿಗೆ ತಟ್ಟಲು ಕೈಯೇ ಏಳಲಿಲ್ಲ. ತಟ್ಟಿದರೆ ಉತ್ತರ ಬಾರದೆ ಹೋದರೆ? ಬಾಗಿ ಅವನನ್ನು ದೂಡಿ, ಎರಡೂ ಮುಷ್ಟಿಯಿಂದ ಬಡಿದು, “ಮಗಾ! ಏಳ್ ಮಗಾ!” ಎಂದು ಚೀರಿದಳು. ಒಳಗೆ ಸುಶಾಂತ ಮಿಸುಕಲಿಲ್ಲ. ಆಗ ಗುಣಪಾಲ ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಕಲ್ಲನ್ನೆತ್ತಿ ಗ್ಲಾಸಿಗೆ ಅಪ್ಪಳಿಸಿದ.

ನೆರಳಿನಲ್ಲಿ ಅಂಗಾತ ಮಲಗಿಸಿ ಗಾಳಿ ಹಾಕಿದ ಮೇಲೆ ಬಹಳ ಹೊತ್ತಿಗೆ ಸುಶಾಂತ ಕೆಮ್ಮಿದ, ಕಾರಿಕೊಂಡ. “ಅಮ್ಮಾ... ತಲಿ ಒಡ್ದ್ ಹೋಪಂಗ್ ಆತ್ತ್” ಎಂದ. ಆ ಮಾತು ಕೇಳಿ ಬಾಗಿ ಅಲ್ಲೇ ಕುಸಿದು ಅತ್ತಳು. ಅವನನ್ನು ಬೈಂದೂರಿನ ಆಸ್ಪತ್ರೆಗೆ ಸಾಗಿಸಿ ಆಮ್ಲಜನಕ ಕೊಟ್ಟು ಉಳಿಸಿಕೊಂಡರು. ಬಂಗುಡೆಯ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಕೂತ ಗುಣಪಾಲನ ಮುಷ್ಟಿಯನ್ನು ಬೇಬಿ ಬಂದು ಬಿಡಿಸಿದಳು. ಕೋಟಿನ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ ಬುಷ್ಷು ಅದರಲ್ಲಿತ್ತು.

ಸೈಲೆನ್ಸರು ವೆಲ್ಡಿಂಗ್ ಆಗಿ, ಬುಷ್ಷು ಕೂತು, ಹೊಸ ಗ್ಲಾಸು ಏರಿದ ದಿನ ಬಾಗಿ ಮತ್ತೆ ಶೆಡ್ಡಿಗೆ ಬಂದಳು, ಆ ದಿನವೂ ಮೀನು ತುಂಬಿಕೊಂಡೇ! ಬೇಬಿಯನ್ನು ಎಬ್ಬಿಸಿ ತಾನೇ ಸ್ಟೂಲಿನ ಮೇಲೆ ಕೂತಳು. “ಇವತ್ತ್ ನಾ ಕೂಕಂತೆ. ಮನಿಕಣಿ ಗುಣಪಾಲಣ್ಣ, ಐಸ್ ಕರ್ಗ್ರೆ ಕರ್ಗ್ಲಿ.” ಅವನು ಮಲಗಿದ. ಅವಳು ತಟ್ಟಿದಳು, ಕಾದಳು. ಒಳಗೆ ಕೈ ಎದ್ದಿತು.

ಧೀರರ ಗುಣಗಾನಕ್ಕೆ ಲೋಕದಲ್ಲಿ ಬರಗಾಲವಿಲ್ಲ. ಅಂಜುಬುರುಕರಿಗೆ ನಾವು ಕೊಡುತ್ತ ಬಂದದ್ದು ನಗೆಯೊಂದನ್ನೇ. ತಮ್ಮ ಕೈಯನ್ನೇ ನಂಬದ, ಮುಗಿದ ಕೆಲಸವನ್ನು ಮತ್ತೊಮ್ಮೆ ಮುಟ್ಟಿ ನೋಡುವ ಈ ಜನ ಸಭೆಯಲ್ಲಿ ಹಿಂದಿನ ಸಾಲಿನಲ್ಲಿರುತ್ತಾರೆ, ಎದುರು ಸಿಕ್ಕರೆ ದಾರಿ ಬಿಡುತ್ತಾರೆ. ಆದರೆ ನಾವು ನಿಶ್ಚಿಂತೆಯಿಂದ ಕಣ್ಣು ಮುಚ್ಚುವ ಎಡೆಯಲ್ಲಿ, ನಮಗಿಂತ ಮೊದಲು ಅವರಲ್ಲೊಬ್ಬ ನಡುಗುತ್ತಲೇ ಮಲಗಿ ಎದ್ದುಹೋಗಿರುತ್ತಾನೆ.