ಊಟದ ಕೂಗಲ್ಲ, ನೀರಿನ ಕೂಗು

ಅಣೆಕಟ್ಟಿನ ಕೆಳಗೆ ನದಿಯಲ್ಲಿ ಬಟ್ಟೆ ಒಗೆಯುವವರಿಗೆ ಗಡಿಯಾರ ಬೇಕಿರಲಿಲ್ಲ. ಮಧ್ಯಾಹ್ನ ಅಣೆಕಟ್ಟಿನಲ್ಲಿ ಸೈರನ್ ಕೂಗಿದರೆ ಅಲ್ಲಿನ ಕೆಲಸಗಾರರಿಗೆ ಬಿಡುವು. ಇಲ್ಲಿ ಇವರೂ ನದಿಯ ನಡುವಿನ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಆ ಸೈರನ್ನಿಗೆ 'ಊಟದ ಕೂಗು' ಎಂದೇ ಹೆಸರು.

ಇವರಲ್ಲಿ ಗಂಜಿ ಮಾವ ಒಬ್ಬ. ಲಾಡ್ಜಿನ ಬಟ್ಟೆಗಳಿಗೆ ಅವನಷ್ಟು ಚೆನ್ನಾಗಿ ಗಂಜಿ ಹಾಕುವವರಿಲ್ಲ. ಆ ಗಂಜಿ ಸ್ವಲ್ಪ ಅವನ ಕುತ್ತಿಗೆಗೂ ಹತ್ತಿತ್ತು ಅನ್ನಿ, ಯಾರು ಹೇಳಿದರೂ ಬಗ್ಗುತ್ತಿರಲಿಲ್ಲ.

ಆ ದಿನ ಅವನು ದಡದಲ್ಲಿ ಬಟ್ಟೆ ಹರವುತ್ತಿದ್ದ. ಅವನ ಹೆಂಡತಿ, ಕೇರಿಗೆಲ್ಲ ಅತ್ತೆ, ಒಬ್ಬಳೇ ನಡುಬಂಡೆಯ ಮೇಲಿದ್ದಳು. ಪಕ್ಕದ ಮನೆಯ ಟೈಲರಮ್ಮ ಬಂದಳು.

"ಮಾವ, ಅತ್ತೇನ ಈಚೆ ಕರೀರಿ. ಅಣೆಕಟ್ಟನ್ನ ಸರ್ಕಾರ ಕಂಪನಿಗೆ ಕೊಟ್ಟಿದೆಯಂತೆ. ಅಲ್ಲಿಗೆ ಯೂನಿಫಾರ್ಮ್ ಕೊಡೋಕೆ ಹೋಗಿದ್ದೆ, ಆಗ ಗೊತ್ತಾಯ್ತು. ಇನ್ಮೇಲೆ ಸೈರನ್ ಕೂಗಿದ್ರೆ ನೀರು ಬಿಡ್ತಾರೆ ಅಂತ ಅರ್ಥ."

"ಅಣೆಕಟ್ಟು ಅಂದ್ರೆ ಸರ್ಕಾರದ್ದೇ ಕಣಮ್ಮ. ಅದೇನು ಬೀಡಾ ಅಂಗಡಿನಾ, ಕೈ ಬದಲಾಯಿಸೋಕೆ?"

"ಲೋಕದಲ್ಲಿ ದೊಡ್ಡ ದೊಡ್ಡವು ಬಹಳಷ್ಟು ಸರ್ಕಾರದ್ದೇ ಮಾವ. ಆದ್ರೆ ಕೆಲವು ಕಂಪನಿಯವು. ಎರಡು ದೇಶ ಸೇರಿ ಕಟ್ಟಿದವೂ ಇವೆ."

"ಎರಡು ದೇಶಕ್ಕೆ ಒಂದು ಅಣೆಕಟ್ಟು! ನಮ್ಮಲ್ಲಿ ಅಣ್ಣ ತಮ್ಮಂದಿರಿಗೆ ಒಂದು ಬಾವಿ ಸಾಲ್ದು!" ಮಾವ ನಕ್ಕ. "ಮಳೆ ಇಲ್ಲ, ಮೋಡ ಇಲ್ಲ. ನೀರು ಯಾಕೆ ಬಿಡ್ತಾರೆ?"

"ಮಳೆಗಲ್ಲ ಮಾವ, ಕರೆಂಟಿಗೆ. ಪಟ್ಟಣಕ್ಕೆ ಕರೆಂಟ್ ಬೇಕಾದಾಗ ನೀರು ಬಿಡ್ತಾರೆ. ಬಿಸಿಲಿದ್ರೂ ನದಿ ಏರುತ್ತೆ."

ಅಷ್ಟರಲ್ಲಿ ಸೈರನ್ ಕೂಗಿತು. ಬಂಡೆಯ ಮೇಲೆ ಅತ್ತೆ ಕೈ ತೊಳೆದು ಬುತ್ತಿ ಬಿಚ್ಚಿದಳು. "ರೀ, ಊಟಕ್ಕೆ ಬನ್ನಿ!" ಎಂದು ಕೂಗಿದಳು.

ಮಾವ ಒಂದು ಹೆಜ್ಜೆ ಇಟ್ಟು ನಿಂತ. ದಡದ ಒಣಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಅವನು ಬಂಡೆಯತ್ತ ಕೂಗಿದ:

"ಬುತ್ತಿ ಬಿಡೇ! ಎದ್ದು ಬಾ!"

ಬಟ್ಟೆ ಹರವಿದ್ದ ಹಗ್ಗದಿಂದ ಲಾಡ್ಜಿನ ಎರಡು ಬೆಡ್‌ಶೀಟ್ ಕಿತ್ತು, ಒಂದಕ್ಕೊಂದು ಗಂಟು ಹಾಕಿ, ಒಂದು ತುದಿ ಹಿಡಿದು ಅವಳತ್ತ ಎಸೆದ. ಅತ್ತೆ ಅದನ್ನು ಕೈಗೆ ಸುತ್ತಿಕೊಂಡು ನೀರಿಗಿಳಿದಳು. ಟೈಲರಮ್ಮನೂ ಮಾವನೂ ಸೇರಿ ಎಳೆದರು. ಅವಳು ದಡ ಸೇರುವಷ್ಟರಲ್ಲಿ ಬಂಡೆಯೇ ಕಾಣಲಿಲ್ಲ.

ಅತ್ತೆ ಸೆರಗು ಹಿಂಡುತ್ತಾ ಕೇಳಿದಳು: "ನಮಗೆ ಯಾಕೆ ಯಾರೂ ಹೇಳ್ಲಿಲ್ಲ?"

"ಕಂಪನಿಯವರು ಹೇಳ್ತಾರೆ ಅಂತ ಸರ್ಕಾರದವರು, ಸರ್ಕಾರದವರು ಹೇಳ್ತಾರೆ ಅಂತ ಕಂಪನಿಯವರು," ಎಂದಳು ಟೈಲರಮ್ಮ.

ಮಾವನ ಕಣ್ಣಲ್ಲಿ ನೀರಿತ್ತು. "ಇವಳು ಹೇಳಿದ್ಲು. ನಾನೇ ಕೇಳ್ಲಿಲ್ಲ," ಎಂದ.

ಮರುದಿನ ಕೇರಿಯವರೆಲ್ಲ ಅಣೆಕಟ್ಟಿನ ಕಚೇರಿಗೆ ಹೋದರು. ಎಲ್ಲರಿಗಿಂತ ಮುಂದೆ ಗಂಜಿ ಮಾವ. ನೀರು ಬಿಡುವ ಮೊದಲು ಕೇರಿಗೇ ಬಂದು ಮೈಕಿನಲ್ಲಿ ಹೇಳುತ್ತೇವೆ ಎಂದು ಅಧಿಕಾರಿಗಳ ಬಾಯಿಂದ ಬರುವ ತನಕ ಯಾರೂ ಮೆಟ್ಟಿಲು ಇಳಿಯಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ನದಿಗೂ ಮೇಲೆಲ್ಲೋ ಒಂದು ಅಣೆಕಟ್ಟು ಇರಬಹುದು. ಅದರ ಬಾಗಿಲು ಇವತ್ತು ಯಾರ ಕೈಯಲ್ಲಿದೆ, ನೀರು ಬಿಡುವ ಮುನ್ನ ನಿಮಗೆ ಹೇಗೆ ತಿಳಿಸುತ್ತಾರೆ, ಹೋಗಿ ಕೇಳಿ. ಒಡೆಯ ಸರ್ಕಾರವಾಗಲಿ, ಕಂಪನಿಯಾಗಲಿ, ಕೇಳುವುದು ನಿಮ್ಮ ಹಕ್ಕು. ಸೈರನ್ ಕೂಗಿದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ದಡ ಹತ್ತಿ. ಬಟ್ಟೆ ಹೋದರೆ ಇನ್ನೊಂದು ಬರುತ್ತದೆ, ನಿಮ್ಮ ಮನೆಗೆ ನೀವು ಒಬ್ಬರೇ.